ಹತ್ತಿರದ ದವಾಖಾನೆ, ದೂರದ ಮಾತ್ರೆ

ನಿಮ್ಮ ಬಡಾವಣೆಯ ಸರಕಾರಿ ದವಾಖಾನೆಯ ಸಿಸ್ಟರ್ ಹೆಸರು ನಿಮಗೆ ಗೊತ್ತೇ? ಬಹುಶಃ ಗೊತ್ತಿರುತ್ತದೆ. ಡಾಕ್ಟರು ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಆದರೆ ನಿಮ್ಮ ಮಗುವಿಗೆ ಒಂದೂವರೆ ತಿಂಗಳಲ್ಲಿ ಚುಚ್ಚುಮದ್ದು ಹಾಕಿದವರು, ಬಸುರಿನಲ್ಲಿ ತಾಯಿ ಕಾರ್ಡ್ ಬರೆದುಕೊಟ್ಟವರು, ಅತ್ತೆಯವರ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ "ಉಪ್ಪಿನಕಾಯಿ ಬಿಡಿ ಅಜ್ಜಿ" ಎಂದವರು ಆ ಸಿಸ್ಟರೇ. ಮನೆಯ ಮಾತುಗಳನ್ನೆಲ್ಲ ನಾವು ಅವರ ಮುಂದೆ ಹೇಳಿಕೊಳ್ಳುತ್ತೇವೆ. ಹಾಗಾದರೆ ಇನ್ನೊಂದು ಪ್ರಶ್ನೆ. ನಿಮ್ಮ ಜೀವಕ್ಕೆ ಸಂಬಂಧಿಸಿದ, ಹೊರಗೆ ಬಿದ್ದರೆ ಮನೆಯೇ ಒಡೆದುಹೋಗಬಹುದಾದ ಒಂದು ಗುಟ್ಟನ್ನು ಅವರ ಕೈಗೆ ಕೊಡುತ್ತೀರಾ?

ಎಚ್‌ಐವಿ ಚಿಕಿತ್ಸೆಯನ್ನು ನಮ್ಮ ಓಣಿಯ ದವಾಖಾನೆಯ ಸಿಸ್ಟರ್‌ಗಳ ಕೈಗೆ ತಲುಪಿಸುವ ವಿಚಾರ ಈ ಪ್ರಶ್ನೆಯ ಸುತ್ತಲೇ ತಿರುಗುತ್ತದೆ ಎಂದು ನನಗೆ ಅನ್ನಿಸುತ್ತದೆ. ನಾನು ವೈದ್ಯಳಲ್ಲ. ಮದರಸಾದಲ್ಲಿ ಓದಿ, ಆಮೇಲೆ ಮನೆಯಲ್ಲೇ ಕುಳಿತು ಬಿ.ಎ. ಮುಗಿಸಿ, ವಿಜಯನಗರದ ಕಡೆ ಹೆಣ್ಣುಮಕ್ಕಳಿಗೆ ಪಾಠ ಹೇಳುವವಳು. ಈ ವಿಷಯ ನನಗೆ ಹತ್ತಿರವಾದದ್ದು ಒಬ್ಬ ಸಹೋದರಿಯಿಂದ. ಆಕೆಯ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪಾದರಾಯನಪುರದ ಒಂದು ಓಣಿಯಲ್ಲಿ ಆಕೆಯ ಮನೆ. ಕೆಲಸ ಊದುಬತ್ತಿ ಹೊಸೆಯುವುದು. ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಯಾವ ಕಾಯಿಲೆ ಎಂದು ಕೇಳಿದವರಿಗೆಲ್ಲ ಅತ್ತೆಮನೆಯವರು "ಟಿ.ಬಿ." ಎಂದರು. ಅದು ಸುಳ್ಳೂ ಅಲ್ಲ. ಎಚ್‌ಐವಿ ಇದ್ದು ಚಿಕಿತ್ಸೆ ಸಿಗದವರನ್ನು ಹೆಚ್ಚಾಗಿ ಒಯ್ಯುವುದು ಟಿ.ಬಿ.ಯೇ. ಅದರ ಹಿಂದೆ ಇದ್ದ ಹೆಸರನ್ನು ಮಾತ್ರ ಯಾರೂ ಹೇಳಲಿಲ್ಲ. ಆಕೆಗೆ ಅದು ತಿಳಿದದ್ದು ತನ್ನ ರಕ್ತ ಪರೀಕ್ಷೆಯಾದ ದಿನ.

ಪಾದರಾಯನಪುರದಿಂದ ವಿಕ್ಟೋರಿಯಾ ಆಸ್ಪತ್ರೆ ಎಷ್ಟು ದೂರ? ಗೋರಿಪಾಳ್ಯ ದಾಟಿದರೆ ಮಾರ್ಕೆಟ್, ಮಾರ್ಕೆಟ್ ಪಕ್ಕದಲ್ಲೇ ವಿಕ್ಟೋರಿಯಾ. ಅಲ್ಲೂ ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರವಿದೆ. ಆದರೆ ಆಕೆ ಹೋಗುವುದು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ. ಎರಡು ಬಸ್ಸು ಬದಲಾಯಿಸಿ, ಅರ್ಧ ದಿನದ ಕೂಲಿ ಬಿಟ್ಟು. ಕಾರಣ ಸರಳವಾಗಿದೆ. ನಮ್ಮ ಕಡೆಯ ಹೆಂಗಸರೆಲ್ಲ ಹೆರಿಗೆಗೆ ವಾಣಿವಿಲಾಸಕ್ಕೆ, ಮಿಕ್ಕಿದ್ದಕ್ಕೆ ವಿಕ್ಟೋರಿಯಾಕ್ಕೆ ಹೋಗುವವರು. ಆ ಆವರಣದಲ್ಲಿ ಹತ್ತು ಹೆಜ್ಜೆ ಇಟ್ಟರೆ ಒಬ್ಬ ಖಾಲಾ ಎದುರಾಗುತ್ತಾರೆ. "ಏನಮ್ಮಾ, ಇಲ್ಲಿಗೇಕೆ ಬಂದೆ?" ಶಿವಾಜಿನಗರದಲ್ಲಿ ನಮ್ಮವರು ಕಡಿಮೆಯೇ? ಆದರೆ ಅವರು ಈಕೆಯನ್ನು ಅರಿಯರು. ನಿಖಾಬ್ ಇಳಿಬಿಟ್ಟುಕೊಂಡರೆ ಆಯಿತು. ಓಣಿಯಲ್ಲಿ ಕೇಳಿದರೆ "ಊದುಬತ್ತಿ ಮಾಲು ಕೊಟ್ಟುಬರಲು ಹೋಗಿದ್ದೆ" ಎನ್ನುತ್ತಾಳೆ. ಮಾತ್ರೆಯ ಡಬ್ಬಿಯ ಮೇಲಿನ ಚೀಟಿ ಕಿತ್ತು, ಅದನ್ನು ಅಕ್ಕಿ ಡಬ್ಬಿಯೊಳಗೆ ಹುದುಗಿಸಿಡುತ್ತಾಳೆ. ಮೈದುನನ ಮದುವೆಗೆ ನೆಂಟರು ಮನೆ ತುಂಬಿದಾಗ ಐದು ದಿನ ಮಾತ್ರೆ ತಪ್ಪಿತು. ಅಕ್ಕಿ ಡಬ್ಬಿಯ ಮುಂದೆ ಯಾವಾಗಲೂ ಯಾರಾದರೊಬ್ಬರು ಇರುತ್ತಿದ್ದರು.

2020ರ ಏಪ್ರಿಲ್ ನೆನಪಿದೆಯೇ? ಲಾಕ್‌ಡೌನ್ ಶುರುವಾದ ಸ್ವಲ್ಪ ದಿನಕ್ಕೆ ಪಾದರಾಯನಪುರ ಮತ್ತು ಬಾಪೂಜಿನಗರ ವಾರ್ಡುಗಳನ್ನು ಪೂರ್ತಿಯಾಗಿ ಸೀಲ್ ಮಾಡಿದರು. ಬಸ್ಸಿಲ್ಲ, ಆಟೋ ಇಲ್ಲ, ರಸ್ತೆಯ ತುದಿಯಲ್ಲಿ ಬ್ಯಾರಿಕೇಡ್. ಈಕೆಯ ಡಬ್ಬಿಯಲ್ಲಿ ಇನ್ನು ಒಂಬತ್ತು ಮಾತ್ರೆಗಳಷ್ಟೇ ಉಳಿದಿದ್ದವು. ಎಚ್‌ಐವಿ ಮಾತ್ರೆ ತಲೆನೋವಿನ ಮಾತ್ರೆಯಂತಲ್ಲ. ಅದು ವೈರಸ್ಸನ್ನು ಕೊಲ್ಲುವುದಿಲ್ಲ, ಕಟ್ಟಿಹಾಕುತ್ತದೆ. ಪದೇ ಪದೇ ಬಿಟ್ಟರೆ ಕಟ್ಟು ಸಡಿಲವಾಗುತ್ತದೆ, ವೈರಸ್ ಮತ್ತೆ ಹೆಚ್ಚುತ್ತದೆ, ಆ ಔಷಧಕ್ಕೇ ಒಗ್ಗಿಕೊಳ್ಳಲೂಬಹುದು. ಕೊನೆಗೆ ಒಬ್ಬ ಕಾರ್ಯಕರ್ತೆ ಬ್ಯಾರಿಕೇಡಿನವರೆಗೆ ಬಂದು ಕಾಗದದ ಕವರಿನಲ್ಲಿ ಮಾತ್ರೆ ಕೊಟ್ಟುಹೋದರು. ಆ ದಿನಗಳಲ್ಲಿ ಆಕೆಯ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಸರಕಾರಿ ದವಾಖಾನೆ ತೆರೆದಿತ್ತು, ಒಳಗೆ ಸಿಸ್ಟರ್ ಕೂಡ ಇದ್ದರು. ಅಲ್ಲಿ ಆ ಮಾತ್ರೆ ಇರಲಿಲ್ಲ. ಇದ್ದಿದ್ದರೂ ಆಕೆ ಹೋಗುತ್ತಿದ್ದಳೋ ಇಲ್ಲವೋ, ಅದು ಬೇರೆ ಮಾತು. ಅದಕ್ಕೆ ಮುಂದೆ ಬರುತ್ತೇನೆ.

ಬೌರಿಂಗ್ ಎಂದೆನಲ್ಲ, ಅದರ ಹಿನ್ನೆಲೆಯನ್ನೂ ಸ್ವಲ್ಪ ಹೇಳಬೇಕು. 2004ರ ಏಪ್ರಿಲ್ 1ರಂದು ಭಾರತ ಸರಕಾರ ಎಚ್‌ಐವಿಗೆ ಉಚಿತ ಔಷಧ ಕೊಡಲು ಆರಂಭಿಸಿದಾಗ ಇಡೀ ದೇಶದಲ್ಲಿ ಎಂಟು ಆಸ್ಪತ್ರೆಗಳು ಮಾತ್ರ ಅದಕ್ಕೆ ಆಯ್ಕೆಯಾಗಿದ್ದವು. ಕರ್ನಾಟಕದ ಪಾಲಿಗೆ ಬಂದದ್ದು ಬೌರಿಂಗ್. ರಾಯಚೂರು, ಬೆಳಗಾವಿ ಕಡೆಯವರೂ ರಾತ್ರಿ ರೈಲು ಹತ್ತಿ ಅಲ್ಲಿಗೇ ಬರಬೇಕಾಗಿದ್ದ ಕಾಲ. ಆಗ ಸಿಡಿ4 ಎಂಬ ರಕ್ತಕಣದ ಎಣಿಕೆ 200ಕ್ಕಿಂತ ಕೆಳಗೆ ಇಳಿದವರಿಗೆ, ಅಂದರೆ ಬಹಳ ಸೊರಗಿದವರಿಗೆ, ಮೊದಲು ಮಾತ್ರೆ ಸಿಗುತ್ತಿತ್ತು. ಅದೂ ದಿನಕ್ಕೆ ಎರಡು ಹೊತ್ತು. 2017ರಿಂದ ಎಣಿಕೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಎಂದಾಯಿತು. 2020ರ ನಂತರ ಬಹುತೇಕರಿಗೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧ ಸೇರಿದ ಒಂದೇ ಮಾತ್ರೆ, ದಿನಕ್ಕೊಮ್ಮೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೇ ಸಿಗದಷ್ಟು ಇಳಿದು ಹಾಗೇ ಉಳಿದರೆ, ದಾಂಪತ್ಯದಲ್ಲಿ ಅದು ಇನ್ನೊಬ್ಬರಿಗೆ ಹರಡುವುದಿಲ್ಲ. ಹಿಂದೆ ಮರಣಪತ್ರವೆಂದು ಭಾವಿಸಿದ್ದ ಕಾಯಿಲೆ ಇಂದು ಸಕ್ಕರೆ ಕಾಯಿಲೆಯ ಹಾಗೆ, ಮಾತ್ರೆ ನುಂಗುತ್ತಾ ಮೊಮ್ಮಕ್ಕಳನ್ನು ಆಡಿಸಬಹುದಾದ ಕಾಯಿಲೆಯಾಗಿದೆ.

2021ರ ಸರಕಾರಿ ಅಂದಾಜಿನಂತೆ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದವರು ಸುಮಾರು 24 ಲಕ್ಷ. ರಾಜ್ಯಗಳ ಪೈಕಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರ ನಮ್ಮ ಕರ್ನಾಟಕ. ಇಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು. ಇಷ್ಟು ಜನ ಬದುಕಿರುವವರೆಗೂ ಪ್ರತಿದಿನ ಮಾತ್ರೆ ನುಂಗಬೇಕು, ತೂಕ ನೋಡಿಸಬೇಕು, ಕೆಮ್ಮು ಬಂದರೆ ಟಿ.ಬಿ.ಯೇ ಎಂದು ತಿಳಿಯಬೇಕು. ಇದನ್ನೆಲ್ಲ ದೊಡ್ಡ ಆಸ್ಪತ್ರೆಯ ಡಾಕ್ಟರೇ ಮಾಡಬೇಕೆ?

ಈ ಪ್ರಶ್ನೆಗೆ ಸ್ಪಷ್ಟವಾಗಿ ಉತ್ತರ ಹುಡುಕಿದ ದೇಶ ದಕ್ಷಿಣ ಆಫ್ರಿಕಾ. ಅವರಿಗೆ ಬೇರೆ ದಾರಿ ಇರಲಿಲ್ಲವೆನ್ನಿ. ಜಗತ್ತಿನಲ್ಲೇ ಅತಿ ಹೆಚ್ಚು ಎಚ್‌ಐವಿ ಪೀಡಿತರಿರುವ ನಾಡು ಅದು. ಹಳ್ಳಿ, ಕೇರಿಗಳ ಕ್ಲಿನಿಕ್ಕುಗಳಲ್ಲಿ ಡಾಕ್ಟರೇ ಇರುತ್ತಿರಲಿಲ್ಲ, ನರ್ಸ್‌ಗಳೇ ಎಲ್ಲ. ಜೋಹಾನ್ಸ್‌ಬರ್ಗ್ ಮತ್ತು ಕೇಪ್‌ಟೌನ್‌ಗಳಲ್ಲಿ 812 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಡಾಕ್ಟರೂ ಇನ್ನೊಂದನ್ನು ತರಬೇತಿ ಪಡೆದ ನರ್ಸ್‌ಗಳೂ ನೋಡಿಕೊಂಡರು. ನರ್ಸ್‌ಗಳು ನೋಡಿಕೊಂಡವರ ಸ್ಥಿತಿ ಏನೂ ಕಡಿಮೆಯಾಗಿರಲಿಲ್ಲವೆಂದು 2010ರಲ್ಲಿ ವರದಿಯಾಯಿತು. ಅದೇ ವರ್ಷ ಅಲ್ಲಿನ ಸರಕಾರ ನರ್ಸ್‌ಗಳೇ ಚಿಕಿತ್ಸೆ ಆರಂಭಿಸಬಹುದೆಂದು ನಿಯಮ ಮಾಡಿತು. ಫ್ರೀ ಸ್ಟೇಟ್ ಪ್ರಾಂತ್ಯದ 31 ಕ್ಲಿನಿಕ್ಕುಗಳಲ್ಲಿ 15 ಸಾವಿರಕ್ಕೂ ಹೆಚ್ಚು ರೋಗಿಗಳ ನಡುವೆ ನಡೆದ ಇನ್ನೊಂದು ಅಧ್ಯಯನ 2012ರಲ್ಲಿ ಹೊರಬಂದಾಗಲೂ ಉತ್ತರ ಅದೇ ಆಗಿತ್ತು.

ನನಗೆ ಹೆಚ್ಚು ಹಿಡಿಸಿದ್ದು ಅವರು ಕಲಿಸಿದ ಕ್ರಮ. ನರ್ಸ್‌ಗಳನ್ನು ನಗರದ ಹೋಟೆಲಿಗೆ ಕರೆದು, ಮೂರು ದಿನ ಭಾಷಣ ಕೇಳಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸುವ ಪದ್ಧತಿಯನ್ನು ಅವರು ಬಿಟ್ಟರು. ಕಲಿಸಿದವರೂ ನರ್ಸ್‌ಗಳೇ. ಕ್ಲಿನಿಕ್ಕಿಗೇ ಬಂದು, ಅಲ್ಲಿನ ಸಿಬ್ಬಂದಿಯನ್ನೆಲ್ಲ ಕೂರಿಸಿಕೊಂಡು, ವಾರಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಪಾಠ. ಕೈಯಲ್ಲಿ ಒಂದು ಪುಸ್ತಕ. ಅದರಲ್ಲಿ ರೋಗದ ಹೆಸರಿನಿಂದಲ್ಲ, ರೋಗಿಯ ಮಾತಿನಿಂದ ಆರಂಭ. ಕೆಮ್ಮೇ? ಈ ಪುಟ. ಮೈಮೇಲೆ ಗುಳ್ಳೆಯೇ? ಆ ಪುಟ. ಪಾಠ ಹೇಳುವವಳಾಗಿ ಹೇಳುತ್ತೇನೆ, ಕಲಿಯುವವಳು ನಾಳೆ ಬೆಳಿಗ್ಗೆ ಏನು ಎದುರಿಸುತ್ತಾಳೋ ಅಲ್ಲಿಂದ ಶುರುಮಾಡಿದ ಪಾಠ ಮಾತ್ರ ಉಳಿಯುತ್ತದೆ.

ನಮ್ಮಲ್ಲೂ ಇಂಥದ್ದು ನಡೆದಿಲ್ಲವೆಂದಲ್ಲ. ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ 'ಸುಕ್ಷೇಮ' ಎಂಬ ಯೋಜನೆ ನಡೆದಾಗ, ತರಬೇತಾದ ನರ್ಸ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಿ ಅಲ್ಲಿನ ನರ್ಸ್‌ಗಳ ಪಕ್ಕದಲ್ಲಿ ನಿಂತು ಕಲಿಸುತ್ತಿದ್ದರು. ಅದು ಹೆರಿಗೆಗೆ ಸಂಬಂಧಿಸಿದ್ದು. ಎಚ್‌ಐವಿ ವಿಷಯದಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಸೇರಿ ದೇಶದ ಸಾವಿರಾರು ನರ್ಸ್‌ಗಳಿಗೆ ಪಾಠ ಸಿದ್ಧಪಡಿಸಿದವು. ಆದರೆ ನಮ್ಮ ದೇಶದಲ್ಲಿ ಔಷಧ ಆರಂಭಿಸುವುದು ಎಆರ್‌ಟಿ ಕೇಂದ್ರದ ವೈದ್ಯರೇ. ಓಣಿಯ ಸಿಸ್ಟರ್ ಬೆರಳು ಚುಚ್ಚಿ ಮೊದಲ ಪರೀಕ್ಷೆ ಮಾಡಬಲ್ಲರು. ಅದರಲ್ಲಿ ಸುಳಿವು ಸಿಕ್ಕರೆ ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ, ಅಲ್ಲಿ ಬೇರೆ ಬೇರೆ ವಿಧದ ಮೂರು ಪರೀಕ್ಷೆಗಳಾದ ಮೇಲೆಯೇ 'ಇದೆ' ಎನ್ನುವುದು. ಸ್ಥಿರವಾಗಿರುವವರಿಗೆ ತಾಲ್ಲೂಕು ಮಟ್ಟದ 'ಲಿಂಕ್' ಕೇಂದ್ರಗಳಲ್ಲಿ ಮಾತ್ರೆ ಸಿಗುತ್ತದೆ. ಅಲ್ಲಿಗೆ ನಿಲ್ಲುತ್ತದೆ. 2022ರ ಕೊನೆಯಲ್ಲಿ 'ನಮ್ಮ ಕ್ಲಿನಿಕ್'ಗಳು ತೆರೆದು, ಒಬ್ಬ ಡಾಕ್ಟರು, ಒಬ್ಬ ಸ್ಟಾಫ್ ನರ್ಸ್, ಒಬ್ಬ ಲ್ಯಾಬ್ ಟೆಕ್ನಿಷಿಯನ್ ವಾರ್ಡಿನೊಳಕ್ಕೇ ಬಂದು ಕೂತಾಗ, ಈ ಮಾತ್ರೆಯೂ ಒಂದು ದಿನ ಇಲ್ಲಿಗೆ ಬರಬಾರದೇ ಎಂದು ನನಗೆ ಅನ್ನಿಸಿತು.

ಇನ್ನು ನಾನೇ ಕಣ್ಣಾರೆ ಕಂಡದ್ದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ನರ್ಸ್. ರಾಜಾಜಿನಗರದಲ್ಲಿ ಇಂಥದೊಂದು ತರಬೇತಿ ನಡೆದಾಗ, "ಆಪಾ, ನಮಗೆ ಪೇಷಂಟ್ ಆಗಿ ನಟಿಸುವವರು ಬೇಕು, ಉರ್ದು ಮಾತ್ರ ಆಡುವವರು" ಎಂದು ಕರೆದಳು. ಕೆಂಗೇರಿ, ಬಸವೇಶ್ವರನಗರ, ವಿಜಯನಗರಗಳಿಂದ ಇಪ್ಪತ್ತರಷ್ಟು ಸಿಸ್ಟರ್‌ಗಳು ಬಂದಿದ್ದರು. ಹೆಚ್ಚಿನವರು ಹಾಸನ, ಮಂಡ್ಯ ಕಡೆಯವರು. ಕಲಿಸಲು ಬಂದವರು ಎಆರ್‌ಟಿ ಕೇಂದ್ರವೊಂದರಲ್ಲಿ ಬಹಳ ಕಾಲ ಕೆಲಸ ಮಾಡಿದ ಹಿರಿಯ ನರ್ಸ್. ನಾನು ನಿಖಾಬ್ ಹಾಕಿಕೊಂಡು ಕುರ್ಚಿಯಲ್ಲಿ ಕುಳಿತೆ.

ಮೊದಲು ಬಂದ ಹುಡುಗಿ ಜೋರಾಗಿ, "ಏನಮ್ಮಾ, ಯಾವ ಮಾತ್ರೆಗೆ ಬಂದಿದ್ದು?" ಎಂದಳು. ಹಿರಿಯ ಸಿಸ್ಟರ್ ಅಲ್ಲೇ ತಡೆದರು. "ನಿನ್ನ ಹಿಂದೆ ಲಸಿಕೆಗೆ ಬಂದ ಹತ್ತು ಜನ ತಾಯಂದಿರು ಕುಳಿತಿದ್ದಾರೆ ಅಂದುಕೋ. ಈಗ ಕೇಳು." ಆ ಹುಡುಗಿ ಎದ್ದು, ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದು ಕೂತು, ದನಿ ತಗ್ಗಿಸಿದಳು. ಆಮೇಲೆ, "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಎಂದಳು. ನಾನು "ಹಾಂ" ಎಂದೆ. ಹಿರಿಯರು ನಕ್ಕರು. "ಈ ಪ್ರಶ್ನೆಗೆ ಯಾರಾದರೂ ಇಲ್ಲ ಅಂತಾರಾ? ಮೇಷ್ಟ್ರು ಹೋಂವರ್ಕ್ ಕೇಳಿದ ಹಾಗಾಯಿತು. 'ಎಲ್ಲರಿಗೂ ಒಮ್ಮೊಮ್ಮೆ ಮರೆಯುತ್ತೆ, ಕಳೆದ ವಾರ ನಿಮಗೆ ಎಷ್ಟು ಸಲ ತಪ್ಪಿತು?' ಅಂತ ಕೇಳು." ಅಷ್ಟೇ ವ್ಯತ್ಯಾಸ. ಆದರೆ ಅಕ್ಕಿ ಡಬ್ಬಿಯ ಆ ಐದು ದಿನಗಳ ಕತೆ ಹೊರಬರುವುದು ಎರಡನೆಯ ಪ್ರಶ್ನೆಗೇ ಹೊರತು ಮೊದಲನೆಯದಕ್ಕಲ್ಲ.

ಆಮೇಲೆ ನಾನೇ ಒಂದು ತೊಡಕು ಹಾಕಿದೆ. "ರೋಜಾ ಇಡುತ್ತೇನೆ ಸಿಸ್ಟರ್, ಏನು ಮಾಡಲಿ?" ಸಭೆಯಲ್ಲಿ ಗುಸುಗುಸು. "ಉಪವಾಸ ಬೇಡ ಅಂತ ಹೇಳ್ಬೇಕು" ಎಂದಳೊಬ್ಬಳು. ಹಾಗೆ ಹೇಳಿದರೆ ರೋಗಿ ತಲೆಯಾಡಿಸಿ ಮನೆಗೆ ಹೋಗುತ್ತಾಳೆ, ರೋಜಾ ಇಡುತ್ತಾಳೆ, ಮಾತ್ರೆ ಬಿಡುತ್ತಾಳೆ ಎಂದು ನಾನು ಹೇಳಿದೆ. ದಿನಕ್ಕೆರಡು ಹೊತ್ತಿನ ಮಾತ್ರೆಯಿದ್ದ ಕಾಲದಲ್ಲಿ ಇದು ನಿಜಕ್ಕೂ ಕಷ್ಟದ ಪ್ರಶ್ನೆಯಾಗಿತ್ತು. ಈಗ ಒಂದೇ ಮಾತ್ರೆ. ಇಫ್ತಾರ್ ಆದ ಮೇಲೆ ಒಂದು ಹೊತ್ತು ಗೊತ್ತುಮಾಡಿಕೊಂಡು ತಿಂಗಳಿಡೀ ಅದೇ ಹೊತ್ತಿಗೆ ನುಂಗಿದರಾಯಿತು. ಬೇರೆ ಕಾಯಿಲೆಯಿಂದ ನಿಶ್ಶಕ್ತರಾದವರು ರೋಜಾ ಇಡಬೇಕೇ ಎಂಬುದನ್ನು ಮಾತ್ರ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಬೇಕು. ಕಾಯಿಲೆಯವರಿಗೆ ದೀನ್‌ನಲ್ಲೇ ರಿಯಾಯಿತಿ ಇರುವುದು ನಿಮಗೆ ಗೊತ್ತೇ ಇದೆ. ಸಿಸ್ಟರ್‌ಗಳೆಲ್ಲ ಅದನ್ನು ಬರೆದುಕೊಂಡರು.

ಇನ್ನೊಂದು ಮಾತು ನಿಮ್ಮ ಮನೆಗೂ ಬೇಕಾದೀತು. ಬಸುರಿಯರಿಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರಲ್ಲ, ಅವನ್ನು ಬರಿಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಜೊತೆಗೆ ನುಂಗಿದರೆ ಎಚ್‌ಐವಿ ಔಷಧ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಬ್ಬಿಣದ ಮಾತ್ರೆಗೆ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ನಂತರ ಎಚ್‌ಐವಿ ಮಾತ್ರೆ. ಒಟ್ಟಿಗೇ ನುಂಗುವುದಾದರೆ ಊಟದೊಂದಿಗೆ. ಈಗ ನೋಡಿ, ಕಬ್ಬಿಣದ ಮಾತ್ರೆ ಕೊಡುವವರು ಓಣಿಯ ಸಿಸ್ಟರ್, ಎಚ್‌ಐವಿ ಮಾತ್ರೆ ಕೊಡುವವರು ಬೌರಿಂಗ್‌ನವರು. ಇವರಿಗೆ ಅದು ತಿಳಿಯದು, ಅವರಿಗೆ ಇದು ಕಾಣದು. ನಡುವೆ ಎರಡೂ ಮಾತ್ರೆಗಳನ್ನು ಒಂದೇ ಲೋಟ ನೀರಿನಲ್ಲಿ ನುಂಗುವವಳು ಆ ಹೆಣ್ಣುಮಗಳು.

ಮಧ್ಯಾಹ್ನ ಸೂಜಿಯ ಮಾತು ಬಂತು. ಭಯ ಎಲ್ಲರ ಮುಖದಲ್ಲೂ ಇತ್ತು. ಅದನ್ನು ನಾನು ತಪ್ಪೆನ್ನಲಾರೆ. ರಕ್ತವಿದ್ದ ಸೂಜಿ ಕೈಗೆ ಚುಚ್ಚಿದರೆ ಎಚ್‌ಐವಿ ತಗಲುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. ಹೆಪಟೈಟಿಸ್ ಬಿ, ಲಸಿಕೆ ಹಾಕಿಸಿಕೊಳ್ಳದವರಿಗೆ, ಅದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ತಗಲುತ್ತದೆ. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು, ಬೆರಳನ್ನು ಬಾಯಿಗಿಡಬಾರದು. ಸಾಧ್ಯವಾದರೆ ಎರಡು ಗಂಟೆಯೊಳಗೆ, ಏನೇ ಆದರೂ 72 ಗಂಟೆ ಮೀರದಂತೆ ತಡೆ ಔಷಧ ಆರಂಭಿಸಿ 28 ದಿನ ನುಂಗಬೇಕು. "ಕೈಗವಸು ಯಾವ ರೋಗಿಗೆ ಹಾಕ್ತೀರಿ?" ಎಂದು ಹಿರಿಯ ಸಿಸ್ಟರ್ ಕೇಳಿದರು. "ಪಾಸಿಟಿವ್ ಇದ್ದವರಿಗೆ" ಎಂದು ಹಲವರು. "ಯಾರಿಗೆ ಇದೆ ಅಂತ ಹಣೆ ಮೇಲೆ ಬರೆದಿರುತ್ತಾ? ರಕ್ತ ಮುಟ್ಟುವಾಗ ಎಲ್ಲರಿಗೂ ಹಾಕಿ. ಬಿ.ಪಿ. ನೋಡೋವಾಗ ಯಾರಿಗೂ ಬೇಡ." ಹೀಗೆಂದು ಹೇಳಿ, ನನ್ನ ಕೈಯನ್ನು ತಮ್ಮ ಬರಿಗೈಯಲ್ಲಿ ಹಿಡಿದುಕೊಂಡೇ ಉಳಿದ ಮಾತು ಮುಗಿಸಿದರು.

ಒಬ್ಬ ಸಿಸ್ಟರ್ ಎದ್ದುನಿಂತು ಕೇಳಿದ ಮಾತನ್ನೂ ಬರೆಯದಿದ್ದರೆ ಅನ್ಯಾಯವಾದೀತು. "ಲಸಿಕೆ ನಾವೇ, ಬಿ.ಪಿ. ಶುಗರ್ ನಾವೇ, ರಿಜಿಸ್ಟರ್ ನಾವೇ, ಆನ್‌ಲೈನ್ ಎಂಟ್ರಿಯೂ ನಾವೇ. ಈಗ ಇದೂ ನಾವೇನಾ ಮೇಡಂ? ಸಂಬಳ ಮಾತ್ರ ಅಷ್ಟೇ." ಇದಕ್ಕೆ ಆ ಕೋಣೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಇಡೀ ದಿನ ನಿಂತು ಕಾಲು ಊದಿಕೊಂಡ ಹೆಣ್ಣಿನ ಮೇಲೆ ಇನ್ನೊಂದು ಹೊರೆ ಹೇರಿ ಅದಕ್ಕೆ 'ಸೇವೆ' ಎಂದು ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ಕೆಲಸ ಕೊಟ್ಟರೆ ಕೈಯನ್ನೂ ಕೊಡಬೇಕು, ಕೂಲಿಯನ್ನೂ ಕೊಡಬೇಕು. ಪ್ರವಾದಿವರ್ಯರ(ಸ) ಕಾಲದಲ್ಲಿ ಮದೀನಾದ ಮಸೀದಿಯ ಬಳಿ ಡೇರೆ ಹಾಕಿ ಗಾಯಾಳುಗಳನ್ನು ಉಪಚರಿಸಿದ ರುಫೈದಾ(ರ) ಅವರ ಹೆಸರನ್ನು ನಾವು ಅಭಿಮಾನದಿಂದ ಹೇಳುತ್ತೇವೆ. ನಮ್ಮ ವಾರ್ಡಿನ ಸಿಸ್ಟರ್ ಮಧ್ಯಾಹ್ನ ಊಟ ಮಾಡಿದರೋ ಇಲ್ಲವೋ ಎಂದು ಎಷ್ಟು ಜನ ಕೇಳಿದ್ದೇವೆ?

ತರಬೇತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇನೆ. ನನ್ನ ಪರಿಚಯದ ಹುಡುಗಿಯೊಬ್ಬಳು ಹೆರಿಗೆ ನೋವು ಶುರುವಾದ ಮೇಲೆ ಒಂದು ನರ್ಸಿಂಗ್ ಹೋಂಗೆ ಹೋದಳು, ಹೆಸರು ಬೇಡ. ಫೈಲಿನಲ್ಲಿದ್ದ ಒಂದು ಸಾಲು ನೋಡಿ ಅಲ್ಲಿನವರು "ಬೆಡ್ ಖಾಲಿ ಇಲ್ಲ" ಎಂದರು. ಖಾಲಿ ಇತ್ತು, ಬಾಗಿಲಿನಿಂದ ಕಾಣುತ್ತಿತ್ತು. ಆಟೋದಲ್ಲಿ ಆಕೆ ಸರಕಾರಿ ಆಸ್ಪತ್ರೆ ಸೇರಿದಳು. ಅಲ್ಲಿದ್ದ ನರ್ಸ್ ಫೈಲನ್ನು ಓದಿ, ಮಡಿಸಿ ದಿಂಬಿನ ಕೆಳಗಿಟ್ಟು, "ಮಾತ್ರೆ ಇವತ್ತಿನದು ಆಯ್ತಾ?" ಎಂದಷ್ಟೇ ಕೇಳಿದರಂತೆ. ತಾಯಿಗೆ ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಎಚ್‌ಐವಿ ಬರಬಹುದು. ಬಸುರಿನಿಂದಲೇ ಮಾತ್ರೆ ನುಂಗಿ, ಮಗುವಿಗೂ ಔಷಧ ಕೊಟ್ಟರೆ ಅದು ಐದಕ್ಕಿಂತ ಕೆಳಗಿಳಿಯುತ್ತದೆ. ಆ ಮಗುವಿಗೆ ಆರು ವಾರ ನೆವಿರಾಪಿನ್ ಸಿರಪ್ ಹಾಕಿದರು. ಆರನೇ ವಾರ ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆದು ಕಾಗದದ ಮೇಲೆ ಒಣಗಿಸಿ ಪರೀಕ್ಷೆಗೆ ಕಳಿಸಿದರು. ತಾಯಿ ಎದೆಹಾಲೇ ಕೊಟ್ಟಳು. ಚಿಕಿತ್ಸೆಯಲ್ಲಿರುವ ತಾಯಿ ಮೊದಲ ಆರು ತಿಂಗಳು ಬೇರೇನನ್ನೂ ಬೆರೆಸದೆ ಎದೆಹಾಲು ಕೊಡಬಹುದು. ಹದಿನೆಂಟನೇ ತಿಂಗಳಲ್ಲಿ ಕೊನೆಯ ಪರೀಕ್ಷೆ. ಮಗುವಿಗೆ ಸೋಂಕಿಲ್ಲ. ಅಲ್ಹಮ್ದುಲಿಲ್ಲಾಹ್, ಈಗ ಶಾಲೆಗೆ ಹೋಗುತ್ತಿದೆ.

"ಬೆಡ್ ಇಲ್ಲ" ಎಂದವರು ಇಂದು ಹಾಗೆಂದರೆ ಕಾನೂನು ಮುರಿದಂತೆ. 2017ರಲ್ಲಿ ಸಂಸತ್ತು ಅಂಗೀಕರಿಸಿದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಚಿಕಿತ್ಸೆ, ಕೆಲಸ, ಶಾಲೆ, ಬಾಡಿಗೆ ಮನೆ ಯಾವುದರಲ್ಲೂ ತಾರತಮ್ಯ ಮಾಡುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ಆಸ್ಪತ್ರೆಯ ಸಿಬ್ಬಂದಿಗೆ ಕೈಗವಸು, ತಡೆ ಔಷಧ, ತರಬೇತಿ ಕೊಡುವುದು ಮಾಲೀಕರ ಹೊಣೆ ಎಂದೂ ಅದರಲ್ಲೇ ಇದೆ. ಯಾರಿಗಾದರೂ ಕೇಳಬೇಕಾದರೆ 1097ಕ್ಕೆ ಫೋನ್ ಮಾಡಬಹುದು. ಹಣವಿಲ್ಲ, ಹೆಸರು ಹೇಳಬೇಕಾಗಿಲ್ಲ.

ಆದರೆ ಓಣಿಗೆ ಕಾಯ್ದೆಯ ಹೆದರಿಕೆ ಎಷ್ಟು? ನಮ್ಮಲ್ಲಿ ಗುಟ್ಟು ಹೊರಬೀಳುವುದು ಹಗೆತನದಿಂದಲ್ಲ, ಮರುಕದಿಂದ. "ಪಾಪ, ಅವಳಿಗೆ ಹೀಗಂತೆ, ನೀನು ಯಾರಿಗೂ ಹೇಳಬೇಡ" ಎನ್ನುತ್ತಲೇ ಅದು ಏಳು ಮನೆ ದಾಟುತ್ತದೆ. ಹೇಳಿಕೊಂಡ ಮಾತು ಅಮಾನತ್ ಎಂದು ಮದರಸಾದಲ್ಲಿ ನಮಗೆ ಕಲಿಸಿದ್ದರು. ಆ ತರಬೇತಿಯಲ್ಲಿ ಔಷಧಕ್ಕೆ ಅರ್ಧ ದಿನವಾದರೆ ಈ ಅಮಾನತಿಗೂ ಅರ್ಧ ದಿನ ಕೊಟ್ಟರು. ರಿಜಿಸ್ಟರನ್ನು ಮೇಜಿನ ಮೇಲೆ ತೆರೆದಿಡಬಾರದು. ಚೀಟಿಯ ಮೇಲೆ ಕೆಂಪು ಗುರುತು ಹಾಕಬಾರದು. ಆಶಾ ಕಾರ್ಯಕರ್ತೆಗೂ ರೋಗಿಯ ಅನುಮತಿಯಿಲ್ಲದೆ ಹೇಳಬಾರದು. ಮದುವೆ ಮನೆಯಲ್ಲಿ ರೋಗಿ ಎದುರಾದರೆ, ಆಕೆ ಮಾತಾಡಿಸಿದರೆ ಮಾತ್ರ ಮಾತಾಡಿಸಬೇಕು. ಇದನ್ನು ಕೇಳಿ ನನ್ನ ವಿದ್ಯಾರ್ಥಿನಿ, "ನಮ್ಮಮ್ಮ ದಿನಾ ಸಂಜೆ ಇವತ್ತು ಯಾರು ಯಾರು ಬಂದಿದ್ರು ಅಂತ ಕೇಳ್ತಾರೆ ಆಪಾ" ಎಂದಳು. ಹಿರಿಯರು, "ಲಸಿಕೆಗೆ ಬಂದ ಕೂಸುಗಳ ಕತೆ ಹೇಳು, ಅದಕ್ಕೇನು ಕೊರತೆ?" ಎಂದರು.

ಅಂದು ಸಂಜೆ ಆ ಸಿಸ್ಟರ್‌ಗಳಿಗಾಗಿ ನಾನು ಕನ್ನಡ ಲಿಪಿಯಲ್ಲಿ ಉರ್ದುವಿನ ಇಪ್ಪತ್ತು ವಾಕ್ಯ ಬರೆದುಕೊಟ್ಟೆ. ಪುಸ್ತಕದ ಉರ್ದು ಅಲ್ಲ, ನಮ್ಮ ಬೆಂಗಳೂರಿನ ಮನೆಮಾತು. ರಾತ್ರಿ ಬೆವರು ಬರುತ್ತದೆಯೇ, ತೂಕ ಇಳಿದಿದೆಯೇ, ಕೆಮ್ಮು, ಜ್ವರ ಇದೆಯೇ, ಟಿ.ಬಿ. ಕಂಡುಹಿಡಿಯಲು ಪ್ರತಿ ಭೇಟಿಯಲ್ಲೂ ಕೇಳಬೇಕಾದ ನಾಲ್ಕು ಪ್ರಶ್ನೆಗಳು ಅವು. ಮಂಡ್ಯದ ಹುಡುಗಿಯೊಬ್ಬಳು "ಮಾತ್ರೆ ಎಲ್ಲಿ ಬಚ್ಚಿಡ್ತೀರಿ ಅನ್ನೋದಕ್ಕೆ ಏನನ್ನಬೇಕು?" ಎಂದು ಕೇಳಿದಳು. ಅದು ನನ್ನ ಪಟ್ಟಿಯಲ್ಲಿರಲಿಲ್ಲ, ಇಪ್ಪತ್ತೊಂದನೆಯದಾಗಿ ಸೇರಿಸಿದೆ.

ಪಾದರಾಯನಪುರದ ಆ ಸಹೋದರಿಗೆ ಇದನ್ನೆಲ್ಲ ಹೇಳಿ ಕೇಳಿದೆ. ಮಾತ್ರೆ ಹತ್ತಿರದ ದವಾಖಾನೆಯಲ್ಲೇ ಸಿಗುವಂತಾದರೆ ಅಲ್ಲಿಗೆ ಹೋಗುತ್ತೀಯಾ? ಆಕೆ ಬತ್ತಿ ಹೊಸೆಯುತ್ತಲೇ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆ ಸಿಸ್ಟರ್ ಒಳ್ಳೆಯವಳೇ ಆಪಾ. ನೋಡೋಣ" ಎಂದಳು. ಆಮೇಲೆ ಆಕೆ ಏನು ಮಾಡಿದಳೆಂದು ಎರಡು ತಿಂಗಳಾದ ಮೇಲೆ ನನಗೆ ತಿಳಿಯಿತು. ದವಾಖಾನೆಗೆ ಹೋಗಿ, ತನಗೆ ಬಿಳಿಸೆರಗಿನ ತೊಂದರೆಯಿದೆ, ಯಾರಿಗೂ ಹೇಳಬೇಡಿ ಎಂದು ಸಿಸ್ಟರ್‌ಗೆ ಹೇಳಿ ಬಂದಿದ್ದಳು. ತೊಂದರೆಯೇನೂ ಇರಲಿಲ್ಲ. ಆ ಮಾತು ಓಣಿಯಲ್ಲಿ ತಿರುಗಿ ಬರುತ್ತದೆಯೋ ಎಂದು ಕಾಯುತ್ತಿದ್ದಾಳೆ.

ಇದುವರೆಗೆ ಬಂದಿಲ್ಲ. ರಂಜಾನ್ ಮುಗಿಯುವವರೆಗೂ ನೋಡುತ್ತಾಳಂತೆ. ಸದ್ಯಕ್ಕೆ ಮುಂದಿನ ಮಾತ್ರೆಗೆ ಬೌರಿಂಗ್‌ಗೇ ಹೋಗುತ್ತಾಳೆ.